ಆಯಿ-ಅಪ್ಪಯ್ಯನ ಜೊತೆ ಸ್ಟರ್ಲಿಂಗ್ ಕಡೆ ನಾಲ್ಕು ದಿನ: ಏನು ನೋಡೋದು, ಏನು ಬಿಡೋದು?

ಶಿರಸಿ_ತೋಟ:

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಆಯಿ, ಅಪ್ಪಯ್ಯ ಇಬ್ಬರನ್ನೂ ಕರೆದುಕೊಂಡು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೊರಟಿದ್ದೇನೆ. ಅಕ್ಕ-ಭಾವ ಅಲ್ಲಿದ್ದಾರೆ. ವೀಸಾ ಬಂದಿದೆ, ಟಿಕೆಟ್ ಆಗಿದೆ. ಇರುವುದು ಎರಡು ವಾರ. ಅಕ್ಕನ ಮನೆ, ಭಾವನ ಸ್ನೇಹಿತರ ಮನೆ ಊಟ, ಎಲ್ಲ ಕಳೆದರೆ ತಿರುಗಲು ಸಿಗುವುದು ನಾಲ್ಕೇ ದಿನ. ಜಾಸ್ತಿ ಉಳಿಯುವ ಹಾಗೂ ಇಲ್ಲ. ಮಳೆ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಸಬೇಕು, ಅದು ತಪ್ಪಿದರೆ ಅಪ್ಪಯ್ಯ ಮುಂದಿನ ವರ್ಷದವರೆಗೂ ನನ್ನನ್ನು ಬಿಡುವುದಿಲ್ಲ.

ಅಪ್ಪಯ್ಯ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರು. ಸೋತು ಗುಹೆಯಲ್ಲಿ ಅಡಗಿದ್ದ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್, ಬಿದ್ದರೂ ಬಿಡದೆ ಬಲೆ ನೇಯ್ದ ಜೇಡವನ್ನು ನೋಡಿ ಧೈರ್ಯ ತಂದುಕೊಂಡ ಕಥೆಯನ್ನು ಹೇಳಿ ಹೇಳಿ ಅವರಿಗೆ ಬ್ರೂಸ್ ನಮ್ಮ ನೆಂಟನೇ ಆಗಿಬಿಟ್ಟಿದ್ದಾನೆ. ಸ್ಕಾಟ್ಲೆಂಡ್ ಅಂದ ಕೂಡಲೇ "ಆ ಗುಹೆ ನೋಡಬೇಕು" ಅಂದರು. ಆಯಿಗೆ ಮಂಡಿ ನೋವು, ಹತ್ತು ಮೆಟ್ಟಿಲು ಹತ್ತಿದರೆ ಕೂರಬೇಕು. ಅವಳ ಬೇಡಿಕೆ ಒಂದೇ, ಎಲ್ಲಾದರೂ ಹೂವಿನ ತೋಟ ಇರಲಿ ಅಂತ.

ನನ್ನ ಪಟ್ಟಿ ಹೀಗಿದೆ. ಮೊದಲ ದಿನ ಎಡಿನ್‌ಬರೋ. ಎರಡನೇ ದಿನ ಸ್ಟರ್ಲಿಂಗ್ ಕೋಟೆ, ವ್ಯಾಲೇಸ್ ಸ್ಮಾರಕ, ಬ್ಯಾನಕ್‌ಬರ್ನ್ ರಣರಂಗ, ಡೂನ್ ಕೋಟೆ. ಮೂರನೇ ದಿನ ಫಾಲ್ಕರ್ಕ್ ಚಕ್ರ, ಕೆಲ್ಪೀಸ್ ಕುದುರೆಗಳು, ಲಿನ್ಲಿತ್‌ಗೋ ಅರಮನೆ, ಫೋರ್ತ್ ಸೇತುವೆ. ನಾಲ್ಕನೇ ದಿನ ಲಾಕ್ ನೆಸ್ ಸರೋವರ. ಅಕ್ಕ ಪಟ್ಟಿ ನೋಡಿ ಫೋನಲ್ಲೇ ನಕ್ಕಳು, ಯಾಕೆ ಅಂತ ಹೇಳಲಿಲ್ಲ. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ, ಇದು ಆಗುವ ಮಾತಾ?


ಕೋಡಿಬಾಗ:

ನಿಮ್ಮ ಅಕ್ಕ ನಕ್ಕಿದ್ದು ಸರಿಯಾಗೇ ಇದೆ ಮಾರಾಯ್ರೇ 😄 ಎರಡನೇ ದಿನದ ಪಟ್ಟಿಯೊಂದಕ್ಕೇ ಎರಡು ದಿನ ಬೇಕು.

ನಾನು ಕಾರವಾರದವಳು, ಓದಲಿಕ್ಕೆ ಅಂತ ಸ್ಟರ್ಲಿಂಗ್‌ನಲ್ಲಿ ಎರಡು ವರ್ಷ ಇದ್ದೆ. ಮೊದಲು ಲಾಕ್ ನೆಸ್ ತೆಗೆಯಿರಿ. ಗ್ಲಾಸ್ಗೋದಿಂದ ಹೋಗಿ ಬರಲಿಕ್ಕೇ ಆರೇಳು ಗಂಟೆ ಗಾಡಿಯಲ್ಲಿ ಕೂರಬೇಕು, ಮಂಡಿ ನೋವಿನವರಿಗೆ ಅದು ಶಿಕ್ಷೆ. ಎಡಿನ್‌ಬರೋ ಬೇಕಾದರೆ ಅಕ್ಕನ ಜೊತೆ ಇನ್ನೊಂದು ದಿನ ಹೋಗಿ. ನಾಲ್ಕು ದಿನವನ್ನು ಸ್ಟರ್ಲಿಂಗ್ ಸುತ್ತಮುತ್ತಲೇ ಕಳೆಯಿರಿ. ಗ್ಲಾಸ್ಗೋದಿಂದ ರೈಲಿಗೆ ಮುಕ್ಕಾಲು ಗಂಟೆಯೊಳಗೆ ಬರುತ್ತದೆ.

ಅಲ್ಲಿಗೆ ಹೋದಾಗ ಒಂದು ಕೆಲಸ ಮಾಡಿ. ಕೋಟೆಯ ಒಳಗೆ ಅರಮನೆ ನೋಡುವ ಮೊದಲೇ ಗೋಡೆಯ ಪಕ್ಕ ನಿಂತು ಕೆಳಗೆ ನೋಡಿ. ಫೋರ್ತ್ ನದಿ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುವುದು ಕಾಣುತ್ತದೆ. ಸಮುದ್ರದ ಭರತಿ ಅಲ್ಲಿಯವರೆಗೂ ಬರುತ್ತದೆ. ನದಿಯ ಎರಡೂ ಕಡೆ ಸಪಾಟು ಜಿಗುಟು ಮಣ್ಣಿನ ಭೂಮಿ, ಅವರು ಕಾರ್ಸ್ ಅಂತಾರೆ. ನನಗೆ ಅದು ನೋಡಿದ ಕೂಡಲೇ ನಮ್ಮ ಗಜನಿ (ಭರತಿಯ ಉಪ್ಪುನೀರು ನುಗ್ಗುವ ಕರಾವಳಿಯ ಗದ್ದೆ) ನೆನಪಾಯಿತು. ಈಗ ನೀರು ಬಸಿದು ಗದ್ದೆ ಮಾಡಿಕೊಂಡಿದ್ದಾರೆ, ಆಗಿನ ಕಾಲಕ್ಕೆ ಬರೀ ಕೆಸರು. ಪಶ್ಚಿಮಕ್ಕೆ ಹೋದರೆ ದೊಡ್ಡ ಜವುಗು, ಪೂರ್ವಕ್ಕೆ ಹೋದರೆ ನದಿ ಅಗಲ ಆಗಿ ಕೊಲ್ಲಿಯೇ ಆಗಿಬಿಡುತ್ತದೆ. ಹಾಗಾಗಿ ದಕ್ಷಿಣದಿಂದ ಬಂದ ಸೈನ್ಯ ಉತ್ತರಕ್ಕೆ ದಾಟಬೇಕೆಂದರೆ ಇಲ್ಲೇ ದಾಟಬೇಕು. 1936ರಲ್ಲಿ ಕಿಂಕಾರ್ಡಿನ್ ಸೇತುವೆ ಆಗುವವರೆಗೂ ರಸ್ತೆಯಲ್ಲಿ ಹೋಗುವವರಿಗೆ ಇದೇ ಕೊನೆಯ ಸೇತುವೆ. ಸದಾಶಿವಗಡ ಕಾಳಿ ನದಿಯ ಬಾಯಿಯ ಮೇಲೆ ಯಾಕೆ ಕೂತಿದೆ ಅಂತ ಕಾರವಾರದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ, ಹಾಗೇ ಇದು.

ಇದು ಗೊತ್ತಾದರೆ ಎರಡು ಯುದ್ಧಗಳೂ ತಾವೇ ಅರ್ಥ ಆಗುತ್ತವೆ. 1297ರ ಸೆಪ್ಟೆಂಬರ್ 11. ಇಂಗ್ಲಿಷ್ ಸೈನ್ಯ ಇಕ್ಕಟ್ಟಾದ ಮರದ ಸೇತುವೆಯ ಮೇಲೆ ಇಬ್ಬಿಬ್ಬರಾಗಿ ದಾಟುತ್ತಿತ್ತು. ಸ್ಕಾಟ್ಲೆಂಡ್ ಕಡೆಯ ನಾಯಕರಾದ ವ್ಯಾಲೇಸ್ ಮತ್ತು ಆಂಡ್ರ್ಯೂ ಮರೇ ಎದುರಿನ ಗುಡ್ಡದಲ್ಲಿ ಸುಮ್ನೆ ಕಾಯುತ್ತ ಕೂತಿದ್ದರು. ತಮ್ಮ ಕೈಲಾಗುವಷ್ಟು ಜನ ದಾಟಿದ ಮೇಲೆ ಇಳಿದು ಸೇತುವೆಯ ಬಾಯಿ ಮುಚ್ಚಿದರು. ದಾಟಿದವರು ಹಿಂದೆ ಹೋಗುವ ಹಾಗಿಲ್ಲ, ಕುದುರೆಗಳು ಕೆಸರಲ್ಲಿ. ದಾಟದವರು ಆಚೆ ನಿಂತು ನೋಡಿದರು. ಮರೇ ಗಾಯಗೊಂಡು ಆಮೇಲೆ ತೀರಿಕೊಂಡ, ಅದಕ್ಕೇ ಏನೋ ಸ್ಮಾರಕದ ಮೇಲೆ ವ್ಯಾಲೇಸ್ ಒಬ್ಬನ ಹೆಸರೇ ಇದೆ. ನನಗೆ ಇದು ಬೇಜಾರು.

ಹದಿನೇಳು ವರ್ಷ ಬಿಟ್ಟು, 1314ರ ಜೂನ್ 23 ಮತ್ತು 24ರಂದು ಬ್ಯಾನಕ್‌ಬರ್ನ್. ಅಲ್ಲಿಯೂ ಬ್ರೂಸ್ ಎದುರು ಇಂಗ್ಲೆಂಡಿನ ರಾಜ ಎರಡನೇ ಎಡ್ವರ್ಡ್‌ನ ದೊಡ್ಡ ಸೈನ್ಯ ಹಳ್ಳಗಳ ನಡುವಿನ ಜವುಗಿನಲ್ಲಿ ಒತ್ತೊತ್ತಾಗಿ ಸಿಕ್ಕಿಕೊಂಡು ಸೋತಿತು. ಗಜನಿಯಲ್ಲಿ ಒಮ್ಮೆ ಕಾಲಿಟ್ಟು ಚಪ್ಪಲಿ ಕಳೆದುಕೊಂಡವರಿಗೆ ಈ ಯುದ್ಧ ವಿವರಿಸಬೇಕಾಗಿಲ್ಲ.

ಹಾಂ, ಈಗಿರುವ ಹಳೇ ಕಲ್ಲಿನ ಸೇತುವೆ ಯುದ್ಧದ ಸೇತುವೆ ಅಲ್ಲ. ಅದು ಸುಮಾರು 1500ರ ಹೊತ್ತಿನದು. ಮರದ ಸೇತುವೆ ಅಲ್ಲಿಂದ ಸ್ವಲ್ಪ ಮೇಲ್ಭಾಗದಲ್ಲಿತ್ತು. ಆದರೂ ಹೋಗಿ, ಗಾಡಿ ಬಿಡುವುದಿಲ್ಲ, ನಡೆಯಲು ಚೆನ್ನಾಗಿದೆ, ದುಡ್ಡೂ ಇಲ್ಲ.

ಕೋಟೆಯ ಒಳಗೆ ಅರ್ಧ ದಿನ ಕೊಡಿ. ದೊಡ್ಡ ಸಭಾಂಗಣದ ಹೊರಗೋಡೆಗೆ ಹಳದಿ ಬಣ್ಣದ ಸುಣ್ಣ ಹೊಡೆದಿದ್ದಾರೆ, ದೂರದಿಂದ ನೋಡಿದರೆ ಯಾರೋ ಹೊಸ ಮನೆ ಕಟ್ಟಿಸಿದ ಹಾಗೆ ಕಾಣುತ್ತದೆ. ಊರಿನವರು ಮೊದಲು ಮೂಗು ಮುರಿದರಂತೆ. 1594ರಲ್ಲಿ ರಾಜಕುಮಾರ ಹೆನ್ರಿಯ ನಾಮಕರಣಕ್ಕೆ ಇದೇ ಸಭಾಂಗಣದೊಳಗೆ ಮರದ ಹಡಗು ತಂದು, ಅದರಿಂದ ಮೀನಿನ ಅಡುಗೆ ಬಡಿಸಿದ್ದರು! ನಮ್ಮ ಕರಾವಳಿಯ ಮದುವೆ ಮನೆಯವರಿಗೂ ಹೊಳೆಯದ ಉಪಾಯ. ಇನ್ನೊಂದು, 1507ರಲ್ಲಿ ಜಾನ್ ಡೇಮಿಯನ್ ಅನ್ನುವವನು ಗರಿಯ ರೆಕ್ಕೆ ಕಟ್ಟಿಕೊಂಡು ಈ ಕೋಟೆಯ ಗೋಡೆಯಿಂದ ಫ್ರಾನ್ಸ್‌ಗೆ ಹಾರುತ್ತೇನೆ ಅಂತ ಹಾರಿ ತೊಡೆ ಮುರಿದುಕೊಂಡ ಕಥೆ ಇದೆ. ರೆಕ್ಕೆಯಲ್ಲಿ ಕೋಳಿ ಗರಿ ಸೇರಿತ್ತು, ಕೋಳಿಗೆ ತಿಪ್ಪೆಯ ಮೇಲೇ ಆಸೆ, ಅದಕ್ಕೇ ಕೆಳಗೆ ಎಳೆಯಿತು ಅಂದನಂತೆ.

ಆಯಿಗೆ ಹೇಳಿ, ಕೋಟೆಯೊಳಗೆ ರಾಣಿಯರ ಹೂದೋಟ ಇದೆ, ಕೂರಲು ಬೆಂಚೂ ಇದೆ. ಅದರ ಹತ್ತಿರವೇ ಡಗ್ಲಸ್ ತೋಟ ಅಂತ ಇನ್ನೊಂದು. 1452ರಲ್ಲಿ ಎರಡನೇ ಜೇಮ್ಸ್ ರಾಜ ಡಗ್ಲಸ್ ಎಂಬ ಸರದಾರನನ್ನು ಊಟಕ್ಕೆ ಕರೆದು ಚುಚ್ಚಿ ಕೊಂದ, ಹೆಣವನ್ನು ಕಿಟಕಿಯಿಂದ ಎಸೆದರು. ಆ ತೋಟದ ಹೆಸರಿಗೆ ಇದೇ ಕಾರಣ. ಇದನ್ನು ಆಯಿ ಹೂ ನೋಡಿ ಮುಗಿಸಿದ ಮೇಲೆ ಹೇಳಿ.


ಯಾಣದ_ಬಂಡೆ:

ಎಲ್ಲಾ ಸರಿ, ಆದರೆ ಅಷ್ಟು ದುಡ್ಡು ಕೊಟ್ಟು ಹೋಗಿ ನಾಲ್ಕು ದಿನವೂ ಕೋಟೆ, ಗೋಡೆ ನೋಡೋದಾ? ಮಿರ್ಜಾನ್ ಕೋಟೆ ಇಲ್ಲೇ ಇದೆ, ಪುಕ್ಕಟೆ. ಸ್ಕಾಟ್ಲೆಂಡ್ ಅಂದರೆ ಬೆಟ್ಟ, ಸರೋವರ. ಒಂದು ದಿನವಾದರೂ ಹೈಲ್ಯಾಂಡ್ಸ್ ಕಡೆ ಹೋಗಿ, ಆಮೇಲೆ ಹೊಟ್ಟೆ ಉರಿದುಕೊಳ್ಳಬೇಡಿ.


ಕೋಡಿಬಾಗ:

ಬೆಟ್ಟ ನೋಡಲು ಶಿರಸಿಯವರಿಗೆ ಸ್ಕಾಟ್ಲೆಂಡ್ ಬೇಕಾ 😂 ಮನೆಯ ಹಿಂದಿನ ಬಾಗಿಲು ತೆಗೆದರೆ ಸಾಕು. ಆದರೂ ಸರೋವರ ಬೇಕೇ ಬೇಕು ಅಂದರೆ ಲಾಕ್ ಲೋಮಂಡ್ ಗ್ಲಾಸ್ಗೋಗೆ ಹತ್ತಿರ, ಭಾವನ ಕಾರಲ್ಲಿ ಒಂದು ಸಂಜೆ ಹೋಗಿ ಬರಬಹುದು. ಮಿರ್ಜಾನ್ ಮಾತು ಒಪ್ಪಿದೆ. ಅದನ್ನೂ ನೋಡಿ ಹೋಗಿ. ಅಘನಾಶಿನಿಯ ಹತ್ತಿರ ಆ ಕೋಟೆ ಯಾಕಿದೆ, ಕಾಳುಮೆಣಸು ಯಾವ ದಾರಿಯಲ್ಲಿ ಹೋಗುತ್ತಿತ್ತು ಅಂತ ಒಮ್ಮೆ ಯೋಚಿಸಿ ಹೋದರೆ ಸ್ಟರ್ಲಿಂಗ್ ಇನ್ನೂ ರುಚಿಸುತ್ತದೆ.


ಕುಮಟಾ_ಇಂಜಿನಿಯರ್:

ಯುದ್ಧದ ವಿಷಯ ಅಕ್ಕೋರು ಹೇಳಿದರು, ನಾನು ಯಂತ್ರದ ವಿಷಯ ಹೇಳುತ್ತೇನೆ.

ಫಾಲ್ಕರ್ಕ್ ಚಕ್ರವನ್ನು ಬಿಡಬೇಡಿ. ಅದು ದೋಣಿ ಎತ್ತುವ ಯಂತ್ರ. ಎರಡು ಕಾಲುವೆಗಳು, ಒಂದು ಮೇಲೆ, ಒಂದು ಕೆಳಗೆ. ಮೊದಲು ಹನ್ನೊಂದು ಲಾಕ್ (ನೀರಿನ ಮಟ್ಟ ಏರಿಳಿಸುವ ಬಾಗಿಲಿನ ತೊಟ್ಟಿ) ದಾಟಿ ದೋಣಿಗಳು ಇಳಿಯುತ್ತಿದ್ದವು. ಆ ಲಾಕ್‌ಗಳು 1930ರ ದಶಕದಲ್ಲೇ ಹೋದವು, ಕಾಲುವೆಗಳ ಸಂಬಂಧವೂ ತಪ್ಪಿತು. 2002ರಲ್ಲಿ ಈ ಚಕ್ರ ಕಟ್ಟಿ ಮತ್ತೆ ಸೇರಿಸಿದರು. ಎತ್ತರ 35 ಮೀಟರ್, ದೋಣಿಯನ್ನು 24 ಮೀಟರ್ ಎತ್ತುತ್ತದೆ. ಇದರಲ್ಲಿ ನನಗೆ ಖುಷಿ ಕೊಟ್ಟಿದ್ದು ಏನೆಂದರೆ, ಚಕ್ರದ ಎರಡು ತುದಿಯ ನೀರು ತುಂಬಿದ ತೊಟ್ಟಿಗಳೂ ಯಾವಾಗಲೂ ಒಂದೇ ತೂಕ. ಒಂದರಲ್ಲಿ ದೋಣಿ ಇದ್ದು ಇನ್ನೊಂದರಲ್ಲಿ ಬರೀ ನೀರಿದ್ದರೂ ಅಷ್ಟೇ. ದೋಣಿ ಒಳಗೆ ಬಂದಾಗ ತನ್ನ ತೂಕದಷ್ಟೇ ನೀರನ್ನು ಹೊರಗೆ ತಳ್ಳಿರುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಅದೇ ಅಲ್ವಾ, ಅಪ್ಪಯ್ಯನಿಗೆ ಕೇಳಿ, ಮಾಸ್ತರು ಕೂಡಲೇ ಹೇಳುತ್ತಾರೆ. ತಕ್ಕಡಿ ಸಮ ಇರುವುದರಿಂದ ತಿರುಗಿಸಲು ಶಕ್ತಿಯೇ ಬೇಡ ಅನ್ನುವಷ್ಟು ಕಡಿಮೆ, ಒಂದು ಸಲಕ್ಕೆ ಒಂದೂವರೆ ಯೂನಿಟ್ ಕರೆಂಟು. ನಮ್ಮ ತೋಟದ ಪಂಪು ಇದಕ್ಕಿಂತ ಜಾಸ್ತಿ ಕುಡಿಯುತ್ತದೆ. ಹೊರಗೆ ನಿಂತು ನೋಡಲು ದುಡ್ಡಿಲ್ಲ, ದೋಣಿಯಲ್ಲಿ ಕೂತು ಹೋಗಲು ಟಿಕೆಟ್. ಆಯಿಗೆ ಇದು ಸುಲಭ, ಮೆಟ್ಟಿಲಿನ ತಾಪತ್ರಯ ಇಲ್ಲ, ಕೂತಲ್ಲೇ ಮೇಲೆ ಹೋಗುತ್ತಾರೆ.

ಕೆಲ್ಪೀಸ್ ಅದೇ ಊರಿನಲ್ಲಿ, ಆದರೆ ಚಕ್ರದ ಪಕ್ಕದಲ್ಲೇ ಇದೆ ಅಂದುಕೊಳ್ಳಬೇಡಿ, ಊರಿನ ಇನ್ನೊಂದು ಬದಿ. ಉಕ್ಕಿನ ಎರಡು ಕುದುರೆ ತಲೆಗಳು, 30 ಮೀಟರ್ ಎತ್ತರ, ಒಂದೊಂದೂ 300 ಟನ್. ಆಂಡಿ ಸ್ಕಾಟ್ ಅನ್ನುವ ಶಿಲ್ಪಿಯ ಕೆಲಸ. ಹಿಂದೆ ಕಾಲುವೆ ದಂಡೆಯಲ್ಲಿ ದೋಣಿ ಎಳೆಯುತ್ತಿದ್ದ ಕುದುರೆಗಳ ನೆನಪಿಗೆ. ಹೆಸರು ಮಾತ್ರ ನೀರಿನ ಭೂತದ್ದು, ಕುದುರೆ ರೂಪದಲ್ಲಿ ಬಂದು ಬೆನ್ನ ಮೇಲೆ ಕೂರಿಸಿಕೊಂಡು ನೀರಿಗೆ ಎಳೆದೊಯ್ಯುತ್ತದಂತೆ. ಸಂಜೆಯ ನಂತರ ದೀಪ ಹಾಕುತ್ತಾರೆ, ಆದರೆ ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು ಇರುತ್ತದೆ, ಆಯಿಗೆ ಅಷ್ಟು ಹೊತ್ತು ಕಾಯಿಸಬೇಡಿ. ನಾನು ದೀಪ ನೋಡುತ್ತೇನೆ ಅಂತ ಹಠ ಮಾಡಿ ಕಾದು, ವಾಪಸ್ ಬರುವ ಬಸ್ಸು ಬರದೇ, ಚಳಿಗಾಳಿಯಲ್ಲಿ ಗಂಟೆಗಟ್ಟಲೆ ನಡೆದು ಸ್ಟೇಷನ್ ಸೇರಿದವನು. ಭಾನುವಾರ ಅಂತೂ ಬಸ್ಸು ನಂಬಬೇಡಿ.

ಫೋರ್ತ್ ಸೇತುವೆ. ನಮ್ಮ ಕಾಳಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಬಿದ್ದ ಮೇಲೆ ನನಗೆ ಎಲ್ಲಿ ಹೋದರೂ ಸೇತುವೆಯ ಕಾಲು ನೋಡುವ ಚಟ. ಈ ಸೇತುವೆ ಹುಟ್ಟಿದ್ದೂ ಅಂಥದ್ದೇ ಹೆದರಿಕೆಯಿಂದ. 1879ರ ಡಿಸೆಂಬರ್ 28ರ ರಾತ್ರಿ, ಅಲ್ಲಿಂದ ಉತ್ತರಕ್ಕೆ ಟೇ ನದಿಯ ಸೇತುವೆ ಬಿರುಗಾಳಿಗೆ ಕುಸಿದು ರೈಲು ಸಮೇತ ನೀರಿಗೆ ಹೋಯಿತು, ಒಬ್ಬರೂ ಉಳಿಯಲಿಲ್ಲ. ಫೋರ್ತ್ ಸೇತುವೆಗೂ ಅದೇ ಇಂಜಿನಿಯರನ ನಕ್ಷೆ ಇತ್ತು, ಅದನ್ನು ಬದಿಗಿಟ್ಟು ಫೌಲರ್ ಮತ್ತು ಬೇಕರ್ ಹೊಸದಾಗಿ ಮಾಡಿದರು. 1890ರಲ್ಲಿ ಮುಗಿಯಿತು, ಎರಡೂವರೆ ಕಿಲೋಮೀಟರ್ ಉದ್ದ, 65 ಲಕ್ಷ ರಿವೆಟ್. ಇವತ್ತಿಗೂ ರೈಲು ಓಡುತ್ತದೆ. ಪಕ್ಕದಲ್ಲೇ 1964ರ ರಸ್ತೆ ಸೇತುವೆ, ಅದರ ಪಕ್ಕ 2017ರದ್ದು. ಮೂರು ಶತಮಾನದ ಮೂರು ಸೇತುವೆ ಒಟ್ಟಿಗೆ ಕಾಣುತ್ತವೆ. ಸೌತ್ ಕ್ವೀನ್ಸ್‌ಫೆರಿ ದಂಡೆಯಲ್ಲಿ ಕೂತು ಚಹಾ ಕುಡಿಯುತ್ತ ನೋಡಿ. ಆದರೆ ಇದನ್ನು ಎಡಿನ್‌ಬರೋ ದಿನಕ್ಕೆ ಸೇರಿಸಿ, ಸ್ಟರ್ಲಿಂಗ್ ದಿನಕ್ಕೆ ಅಲ್ಲ.


ಶಿರಸಿ_ತೋಟ:

ಇಷ್ಟೆಲ್ಲ ಬರೆದಿದ್ದೀರಿ, ತುಂಬಾ ಉಪಕಾರ ಆಯಿತು. ಅಪ್ಪಯ್ಯನಿಗೆ ಗಜನಿಯ ಹೋಲಿಕೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ಆದರೆ ಜೇಡದ ಗುಹೆಯ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ? ಮತ್ತೆ ವ್ಯಾಲೇಸ್ ಸ್ಮಾರಕ ಆಯಿಗೆ ಆಗುತ್ತದಾ?


ಬನವಾಸಿ_ದಾರಿ:

ಸ್ಮಾರಕ ಆಯಿಗೆ ಆಗುವುದಿಲ್ಲ. ಒಳಗೆ 246 ಮೆಟ್ಟಿಲು, ಇಕ್ಕಟ್ಟಾದ ಸುರುಳಿ ಮೆಟ್ಟಿಲು, ಎದುರಿಂದ ಯಾರಾದರೂ ಇಳಿದರೆ ಗೋಡೆಗೆ ಅಂಟಿಕೊಳ್ಳಬೇಕು. 1869ರಲ್ಲಿ ಕಟ್ಟಿದ್ದು, 67 ಮೀಟರ್ ಎತ್ತರ. ವ್ಯಾಲೇಸ್‌ನದು ಅನ್ನುವ ಉದ್ದನೆಯ ಕತ್ತಿ ಒಳಗಿದೆ, ನೆಟ್ಟಗೆ ನಿಲ್ಲಿಸಿದರೆ ನಮ್ಮ ಆಯಿಗಿಂತ ಎತ್ತರ. ಗುಡ್ಡದ ಬುಡದಿಂದ ಸಣ್ಣ ಬಸ್ಸು ಬಿಡುತ್ತಾರೆ, ಹಾಗಾಗಿ ಸ್ಮಾರಕದ ಬುಡದವರೆಗೆ ಆಯಿ ಬರಬಹುದು, ಅಲ್ಲಿಂದಲೇ ನೋಟ ಚೆನ್ನಾಗಿದೆ. ನೀವು ಮತ್ತು ಅಪ್ಪಯ್ಯ ಹತ್ತಿ ಬನ್ನಿ.

ನಾನು ಅಪ್ಪ-ಅಮ್ಮನನ್ನು ಎರಡು ವರ್ಷದ ಹಿಂದೆ ಕರೆದುಕೊಂಡು ಹೋಗಿದ್ದೆ, ಅದಕ್ಕೇ ಮೆಟ್ಟಿಲಿನ ಲೆಕ್ಕ ನನಗೆ ಬಾಯಿಪಾಠ. ಸ್ಟರ್ಲಿಂಗ್ ಸ್ಟೇಷನ್‌ನಿಂದ ಕೋಟೆಗೆ ಏರು ಜೋರಾಗಿದೆ, ಟ್ಯಾಕ್ಸಿ ಮಾಡಿ. ಕೋಟೆಯೊಳಗೆ ಉರುಟು ಕಲ್ಲಿನ ನೆಲ, ಮಳೆ ಬಿದ್ದರೆ ಜಾರುತ್ತದೆ, ಆಯಿಗೆ ಶೂ ಹಾಕಿಸಿ, ಸೀರೆಯ ಮೇಲೆ ಶೂ ಅಂತ ನಾಚಿಕೆ ಬೇಡ. ಅಲ್ಲಿನ ಮಳೆ ನಮ್ಮ ಮಳೆಯ ಹಾಗಲ್ಲ. ಜಿಟಿಜಿಟಿ ಬಂದು ಹೋಗುತ್ತದೆ, ಆದರೆ ಗಾಳಿ ಛತ್ರಿಯನ್ನು ಉಲ್ಟಾ ಮಾಡುತ್ತದೆ. ನನ್ನಪ್ಪ ಮೂರನೇ ದಿನ "ಕಂಬಳಿ ಕೊಪ್ಪೆ ತಂದಿದ್ದರೆ ಆಗಿತ್ತು" ಅಂದರು. ತಮಾಷೆ ಅಲ್ಲ, ಟೋಪಿ ಇರುವ ಜಾಕೆಟ್ಟೇ ಬೇಕು.

ಊಟ. ಎಲ್ಲ ಕಡೆ ಬೇಳೆ ಸೂಪು ಸಿಗುತ್ತದೆ, ನೋಡಲು ನಮ್ಮ ತೊವ್ವೆಯ ಹಾಗೇ. ಆದರೆ ಎಷ್ಟೋ ಕಡೆ ಅದನ್ನು ಹಂದಿ ಮಾಂಸದ ನೀರಲ್ಲಿ ಬೇಯಿಸುತ್ತಾರೆ. ಕೇಳಿಯೇ ತೆಗೆದುಕೊಳ್ಳಿ. ನಾವು ಮೊದಲ ದಿನ ಕೇಳಲಿಲ್ಲ, ಅಮ್ಮ ಅರ್ಧ ಬಟ್ಟಲು ಮುಗಿಸಿ "ಚೆನ್ನಾಗಿದೆ" ಅಂದ ಮೇಲೆ ಗೊತ್ತಾಯಿತು. ಅವರಿಗೆ ಇವತ್ತಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಟಿಕೆಟ್ ಬಗ್ಗೆ ಒಂದು ಮಾತು. ಸ್ಟರ್ಲಿಂಗ್ ಕೋಟೆ, ಡೂನ್, ಲಿನ್ಲಿತ್‌ಗೋ, ಬ್ಲ್ಯಾಕ್‌ನೆಸ್ ಎಲ್ಲ ಒಂದೇ ಸರ್ಕಾರಿ ಸಂಸ್ಥೆಯ ಕೈಯಲ್ಲಿವೆ, ಎಲ್ಲಕ್ಕೂ ಸೇರಿ ಎಕ್ಸ್‌ಪ್ಲೋರರ್ ಪಾಸ್ ಅಂತ ಸಿಗುತ್ತದೆ. ಎರಡು ಮೂರು ಜಾಗ ನೋಡುವವರಿಗೆ ಲಾಭ. ವ್ಯಾಲೇಸ್ ಸ್ಮಾರಕ, ಬ್ಯಾನಕ್‌ಬರ್ನ್ ಅದರಲ್ಲಿ ಬರುವುದಿಲ್ಲ. ಬ್ಲ್ಯಾಕ್‌ನೆಸ್ ನಿಮ್ಮ ಪಟ್ಟಿಯಲ್ಲಿ ಇಲ್ಲ, ಆದರೆ ಕಾರು ಇದ್ದರೆ ಲಿನ್ಲಿತ್‌ಗೋ ಹತ್ತಿರವೇ. ನೀರಿನ ದಂಡೆಯಲ್ಲಿ ಹಡಗಿನ ಆಕಾರದ ಕೋಟೆ, ಎಂದೂ ತೇಲದ ಹಡಗು ಅಂತ ತಮಾಷೆ ಮಾಡುತ್ತಾರೆ. ಕಾರವಾರದ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ನಿಲ್ಲಿಸಿದ್ದಾರಲ್ಲ, ಅದು ತೇಲಿ ಬಂದು ನಿಂತದ್ದು, ಇದು ನಿಂತೇ ಹುಟ್ಟಿದ್ದು. ಲಿನ್ಲಿತ್‌ಗೋ ಅರಮನೆಗೆ ಮಾಡು ಇಲ್ಲ, 1746ರಲ್ಲಿ ಸುಟ್ಟುಹೋಯಿತು. 1542ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ಹುಟ್ಟಿದ್ದು ಅಲ್ಲೇ. ಹುಟ್ಟಿ ಆರು ದಿನಕ್ಕೆ ಅಪ್ಪ ಸತ್ತು ಮಗು ರಾಣಿಯಾಯಿತು, ಒಂಬತ್ತು ತಿಂಗಳಿಗೆ ಸ್ಟರ್ಲಿಂಗ್ ಕೋಟೆಯಲ್ಲಿ ಪಟ್ಟಾಭಿಷೇಕ. ಅರಮನೆಯ ಕೆಳಗೆ ಕೆರೆ, ಹಂಸಗಳಿವೆ. ಆಯಿಗೆ ಇದೇ ಎಲ್ಲಕ್ಕಿಂತ ಇಷ್ಟವಾದೀತು.

ಫಾಲ್ಕರ್ಕ್ ಚಕ್ರದ ಹತ್ತಿರವೇ ಇನ್ನೊಂದಿದೆ, ರಫ್ ಕ್ಯಾಸಲ್. ಕೋಟೆ ಅಂತ ಹೆಸರು, ಆದರೆ ಇರುವುದು ಹುಲ್ಲು ಬೆಳೆದ ದಿಬ್ಬ ಮತ್ತು ಹೊಂಡ. ರೋಮನ್ನರು ಸುಮಾರು ಕ್ರಿ.ಶ. 142ರಲ್ಲಿ ದೇಶದ ಅಡ್ಡಕ್ಕೆ ಕಟ್ಟಿದ ಆಂಟೊನೈನ್ ಗೋಡೆ. ಕಲ್ಲಿನ ಅಡಿಪಾಯ, ಮೇಲೆ ಹುಲ್ಲು ಹೆಂಟೆ, ಮುಂದೆ ಆಳವಾದ ಕಂದಕ. 60 ಕಿಲೋಮೀಟರ್ ಆಸುಪಾಸು ಉದ್ದ ಕಟ್ಟಿ ಇಪ್ಪತ್ತು ವರ್ಷಕ್ಕೇ ಬಿಟ್ಟು ಹೋದರು. ನನ್ನಪ್ಪ ಅದನ್ನು ನೋಡಿ "ಇದು ಅಗಳ ಅಲ್ವೋ! ನಮ್ಮ ಬೆಟ್ಟಕ್ಕೆ ದನ ಬರಬಾರದು ಅಂತ ಹೊಡೆಸಿದ್ದು ಇದೇ ನಮೂನೆ" ಅಂದರು. ಅಗಳದ ಆಚೆ ಸಾಲು ಸಾಲು ಸಣ್ಣ ಗುಂಡಿಗಳು, ಅದರಲ್ಲಿ ಚೂಪು ಗೂಟ ನೆಟ್ಟು ಮೇಲೆ ಸೊಪ್ಪು ಮುಚ್ಚುತ್ತಿದ್ದರು. ಕಾಡುಹಂದಿಗೆ ಗುಂಡಿ ತೋಡಿದ ಹಾಗೆ ಅಂತ ವಿವರಿಸಿದ್ದೂ ಅವರೇ. ಇಡೀ ಪ್ರವಾಸದಲ್ಲಿ ಅವರು ಜಾಸ್ತಿ ಹೊತ್ತು ನಿಂತಿದ್ದು ಅಲ್ಲೇ, ಅರಮನೆಯಲ್ಲಿ ಅಲ್ಲ.


ಕೋಡಿಬಾಗ:

ಜೇಡದ ವಿಷಯ ನಾನು ಬೇಕಂತಲೇ ಬರೆಯಲಿಲ್ಲ 🙂 ಬ್ರೂಸ್‌ನ ಗುಹೆ ನಮ್ಮದೇ ಅಂತ ಹೇಳುವ ಜಾಗಗಳು ಹಲವು ಇವೆ, ಸ್ಟರ್ಲಿಂಗ್ ಹತ್ತಿರ ಯಾವುದೂ ಇಲ್ಲ. ಬ್ರೂಸ್ ಸತ್ತಿದ್ದು 1329ರಲ್ಲಿ, ಜೇಡದ ಕಥೆಗೆ ಈಗಿನ ರೂಪ ಕೊಟ್ಟು ಊರಿಗೆಲ್ಲ ಹರಡಿದ್ದು ಕಾದಂಬರಿಕಾರ ವಾಲ್ಟರ್ ಸ್ಕಾಟ್, ಹತ್ತೊಂಬತ್ತನೇ ಶತಮಾನದಲ್ಲಿ. ಅಪ್ಪಯ್ಯನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಗುಹೆಯ ಬದಲು ಬ್ಯಾನಕ್‌ಬರ್ನ್‌ಗೆ ಕರೆದುಕೊಂಡು ಹೋಗಿ, ಅಲ್ಲಿ 1964ರಲ್ಲಿ ನಿಲ್ಲಿಸಿದ ಬ್ರೂಸ್‌ನ ದೊಡ್ಡ ಕುದುರೆ ಸವಾರಿಯ ಪ್ರತಿಮೆ ಇದೆ. ಯುದ್ಧದ ಮೊದಲ ದಿನ ಇಂಗ್ಲಿಷ್ ಕಡೆಯ ಹೆನ್ರಿ ಡಿ ಬೋನ್ ಅನ್ನುವವನು ಈಟಿ ಹಿಡಿದು ಒಬ್ಬನೇ ಮೇಲೆ ನುಗ್ಗಿ ಬಂದ, ಬ್ರೂಸ್ ಪಕ್ಕಕ್ಕೆ ಸರಿದು ಒಂದೇ ಏಟಿಗೆ ಕೊಡಲಿಯಿಂದ ತಲೆ ಒಡೆದ. ಒಳ್ಳೇ ಕೊಡಲಿ ಮುರಿಯಿತಲ್ಲ ಅಂತ ಬೇಜಾರು ಮಾಡಿಕೊಂಡನಂತೆ. ತೋಟದವರಿಗೆ ಆ ಬೇಜಾರು ಅರ್ಥ ಆಗುತ್ತದೆ.


ಶಿರಸಿ_ತೋಟ:

ಹೇಳಿಬಿಟ್ಟೆ. ಅಪ್ಪಯ್ಯ ಸ್ವಲ್ಪ ಹೊತ್ತು ಕವಳ ಅಗಿಯುತ್ತ ಸುಮ್ಮನೆ ಕೂತರು. ಆಮೇಲೆ "ಹಾಗಾದರೆ ಮೂವತ್ತು ವರ್ಷ ಸುಳ್ಳು ಹೇಳಿ ಸಂಬಳ ತಗೊಂಡೆ ಅಂತಾಯ್ತು" ಅಂದು ನಕ್ಕರು. ಈಗ ಆ ಕೊಡಲಿಯ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಹೊಸ ಪಟ್ಟಿ: ಒಂದು ದಿನ ಪೂರ್ತಿ ಸ್ಟರ್ಲಿಂಗ್ ಕೋಟೆ ಮತ್ತು ಹಳೇ ಸೇತುವೆ. ಒಂದು ದಿನ ಬ್ಯಾನಕ್‌ಬರ್ನ್, ಮಧ್ಯಾಹ್ನ ವ್ಯಾಲೇಸ್ ಸ್ಮಾರಕದ ಬುಡ. ಒಂದು ದಿನ ಫಾಲ್ಕರ್ಕ್ ಚಕ್ರ, ಅಗಳ (ರೋಮನ್ ಗೋಡೆಗೆ ನಮ್ಮ ಮನೆಯಲ್ಲಿ ಈಗ ಅದೇ ಹೆಸರು), ಹೊತ್ತಿದ್ದರೆ ಕುದುರೆಗಳು. ಕೊನೆಯ ದಿನ ಭಾವನ ಕಾರಲ್ಲಿ ಲಿನ್ಲಿತ್‌ಗೋ, ಬ್ಲ್ಯಾಕ್‌ನೆಸ್. ಡೂನ್ ಬಿಟ್ಟೆ. ಲಾಕ್ ನೆಸ್ ಕೂಡ ಬಿಟ್ಟೆ. ಯಾಣದವರು ಬೇಜಾರು ಮಾಡಿಕೊಳ್ಳಬೇಡಿ, ಲಾಕ್ ಲೋಮಂಡ್‌ಗೆ ಒಂದು ಸಂಜೆ ಇಟ್ಟಿದ್ದೇನೆ.

ಕೊನೆಯ ಪ್ರಶ್ನೆ, ಆಯಿ ಕೇಳಿದ್ದು. ಅಕ್ಕನಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಮನೆಯ ತುಪ್ಪ ಒಯ್ಯಬಹುದಾ?


ಬನವಾಸಿ_ದಾರಿ:

ಉಪ್ಪಿನಕಾಯಿ ಒಯ್ಯಿರಿ, ತುಪ್ಪ ಬೇಡ, ಇಲ್ಲಿಂದ ಹಾಲಿನ ಪದಾರ್ಥ ಅಲ್ಲಿಗೆ ತರುವಂತಿಲ್ಲ. ಮಿಡಿಯನ್ನು ಎರಡು ಮೂರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿನಲ್ಲಿ ಹಾಕಿ, ಕೈಚೀಲದಲ್ಲಿ ಬೇಡ. ಮತ್ತೆ ಅಪ್ಪಯ್ಯನ ಬಿಳಿ ಪಂಚೆಯ ಪಕ್ಕದಲ್ಲಿ ಮಾತ್ರ ಇಡಬೇಡಿ.